ಸೈನಿಕನ ಅಪೀಲು: ಸಂದೇಹದ ಫಲ ಯಾರಿಗೆ?



ಬೆಂಗಳೂರಿನಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕವೊಂದಿದೆ. 1918ನೆಯ ಇಸವಿ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವಸೈನ್ಯದೊಡನೆ ಸೇರಿ ಹೈಫಾ ನಗರವನ್ನು ಗೆದ್ದ ಪಡೆ ಅದು. ರಣದಲ್ಲಿ ಮಡಿದವನ ಹೆಸರಿನಲ್ಲಿ ಕಲ್ಲು ನಿಲ್ಲಿಸುವುದು ಕನ್ನಡನಾಡಿಗೆ ಹೊಸದಲ್ಲ. ನಮ್ಮ ಹಳ್ಳಿಹಳ್ಳಿಯ ವೀರಗಲ್ಲುಗಳೇ ಅದಕ್ಕೆ ಸಾಕ್ಷಿ. ಆದರೆ ಮಡಿಯದೆ, ದೇಹ ಮುರಿದುಕೊಂಡು ಮನೆಗೆ ಮರಳಿದವನಿಗೆ ವೀರಗಲ್ಲಿಲ್ಲ. ಅವನ ಪಾಲಿಗೆ ಬರುವುದು ಒಂದು ಅರ್ಜಿ. ಅರ್ಜಿ ತಿರಸ್ಕೃತವಾದರೆ ಒಂದು ಅಪೀಲು. ಆ ಅಪೀಲನ್ನು ತೀರ್ಮಾನಿಸುವ ಕ್ರಮವು ಹೇಗೆ ಬೆಳೆದುಬಂದಿತೆಂಬುದನ್ನು ಈ ಭಾಷಣದಲ್ಲಿ ಸಂಕ್ಷೇಪವಾಗಿ ವಿಚಾರಿಸೋಣ.

ಗುಂಡು ತಗುಲಿ ಕಾಲು ಹೋದವನ ವಿಷಯದಲ್ಲಿ ತಕರಾರು ಕಡಮೆ. ಗಾಯವೇ ಸಾಕ್ಷಿ ನುಡಿಯುತ್ತದೆ. ತೊಡಕಿರುವುದು ರೋಗದಲ್ಲಿ. ಸೇನೆಗೆ ಸೇರುವಾಗ ಗಟ್ಟಿಮುಟ್ಟಾಗಿದ್ದ ತರುಣನಿಗೆ ಕೆಲವು ವರ್ಷಗಳಲ್ಲಿ ಹೃದ್ರೋಗವೋ ಮೂರ್ಛೆರೋಗವೋ ತಲೆದೋರಿತೆನ್ನೋಣ. ಅದು ಸೇವೆಯ ಕಷ್ಟದಿಂದ ಬಂದುದೆ? ಇಲ್ಲವೆ ಅವನ ದೇಹದಲ್ಲಿಯೇ ಅಡಗಿದ್ದು, ಕಾಲ ಬಂದಾಗ ಹೊರಬಿದ್ದುದೆ? ವೈದ್ಯಶಾಸ್ತ್ರವು ಅನೇಕ ವೇಳೆ ಇದನ್ನು ಖಂಡಿತವಾಗಿ ಹೇಳಲಾರದು. ಹೇಳಲಾರದ ಕಡೆ ನಷ್ಟವನ್ನು ಹೊರಬೇಕಾದವರು ಯಾರು, ಸಿಪಾಯಿಯೋ ಸರಕಾರವೋ? ಇಂಥ ಅಪೀಲುಗಳ ಇತಿಹಾಸವು ಬಹುಮಟ್ಟಿಗೆ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗಿದೆ.

ಭಾರತದ ಪಿಂಚಣಿ ನಿಯಮಗಳು ಇಂಗ್ಲೆಂಡಿನ ಜಾಡಿನಲ್ಲಿ ಬೆಳೆದುವಾದುದರಿಂದ ಅಲ್ಲಿಂದಲೇ ಆರಂಭಿಸುವುದು ಉಚಿತ. ಮುದುಕರೂ ಅಂಗಹೀನರೂ ಆದ ಸಿಪಾಯಿಗಳಿಗಾಗಿ ಎರಡನೆಯ ಚಾರ್ಲ್ಸ್ ದೊರೆಯು 1682ರಲ್ಲಿ ಚೆಲ್ಸಿಯ ಆಶ್ರಯಮಂದಿರವನ್ನು ಸ್ಥಾಪಿಸಿದನು. ಮುಂದೆ ಬಹುಕಾಲ ಸಿಪಾಯಿಗಳ ಪಿಂಚಣಿಯನ್ನು ಆ ಸಂಸ್ಥೆಯ ಕಮಿಷನರುಗಳು ನಿರ್ಣಯಿಸುತ್ತಿದ್ದರು. ಪಿಂಚಣಿಯು ಬಹುಮಟ್ಟಿಗೆ ಅರಸನ ಅನುಗ್ರಹವೆನಿಸಿತ್ತು. ಅನುಗ್ರಹವನ್ನು ಬೇಡಬಹುದು; ಅದು ದೊರೆಯದಿದ್ದರೆ ನ್ಯಾಯ ಕೇಳುವುದೆಲ್ಲಿ?

ಮೊದಲನೆಯ ಮಹಾಯುದ್ಧವು ಈ ಭಾವನೆಯನ್ನು ಅಲುಗಿಸಿತು. ಲಕ್ಷಾಂತರ ಜನ ಊನಾಂಗರಾಗಿ ಹಿಂತಿರುಗಿದರು. 1916ರ ಕಾಯಿದೆಯಿಂದ ಪಿಂಚಣಿಗೆಂದೇ ಒಂದು ಮಂತ್ರಿಶಾಖೆ ಹುಟ್ಟಿತು. 1919ರ ಕಾಯಿದೆಯು ಪಿಂಚಣಿಯನ್ನು ಹಕ್ಕೆಂದು ಒಪ್ಪಿ, ಅಪೀಲು ಕೇಳಲು ಸ್ವತಂತ್ರ ಟ್ರಿಬ್ಯೂನಲ್‌ಗಳನ್ನು ಏರ್ಪಡಿಸಿತು. ಒಂದೊಂದರಲ್ಲಿಯೂ ಮೂವರು: ಒಬ್ಬ ನ್ಯಾಯವಾದಿ, ಒಬ್ಬ ವೈದ್ಯ, ಯುದ್ಧದಲ್ಲಿ ಊನಗೊಂಡ ಒಬ್ಬ ಸೈನಿಕ. ಶಾಸ್ತ್ರ ಬಲ್ಲವರ ಪಕ್ಕದಲ್ಲಿ ನೋವು ಬಲ್ಲವನೊಬ್ಬನು ಕುಳಿತನು. ಆದರೆ 1921ರಲ್ಲಿ ಹೊಸ ಕಟ್ಟುಪಾಡು ಬಂದಿತು. ಹಕ್ಕನ್ನು ಕೇಳುವುದಕ್ಕೆ ಏಳು ವರ್ಷಗಳ ಗಡುವು ಗೊತ್ತಾಯಿತು. ವಿಷವಾಯು ಕುಡಿದ ಶ್ವಾಸಕೋಶವು ಕಾಯಿದೆಯ ಗಡುವನ್ನು ನೋಡಿಕೊಂಡು ಕೆಡುವುದಿಲ್ಲವಷ್ಟೆ.

ಎರಡನೆಯ ಯುದ್ಧದ ಮೊದಲ ವರ್ಷಗಳಲ್ಲಿ ಹೊಸ ಗಾಯಾಳುಗಳಿಗೆ ಸ್ವತಂತ್ರ ಅಪೀಲೇ ಇರಲಿಲ್ಲ. ರುಜುವಾತಿನ ಹೊಣೆಯೂ ಅವರ ಮೇಲೆಯೇ ಇದ್ದಿತು. 1943ರಲ್ಲಿ ಎರಡೂ ಬದಲಾದುವು. ಟ್ರಿಬ್ಯೂನಲ್‌ಗಳು ಪುನಃ ಬಂದುವು; ಸೇವೆಯಿಂದ ರೋಗ ಬಂದಿತೆಂದು ಸಿಪಾಯಿಯು ಸಾಧಿಸಬೇಕಾದುದಿಲ್ಲವೆಂದೂ ಸಂದೇಹದ ಫಲವು ಅವನಿಗೇ ಸಲ್ಲಬೇಕೆಂದೂ ನಿಯಮವಾಯಿತು. ಕಾನೂನಿನ ಪ್ರಶ್ನೆಗಳನ್ನು ಹೈಕೋರ್ಟಿನ ನಿಯಮಿತ ನ್ಯಾಯಾಧೀಶರೊಬ್ಬರ ಮುಂದೆ ಒಯ್ಯಬಹುದಾಗಿತ್ತು. ಆ ಸ್ಥಾನದಲ್ಲಿದ್ದ ಡೆನ್ನಿಂಗ್ ಎಂಬ ನ್ಯಾಯಮೂರ್ತಿಗಳು 1946 ಮತ್ತು 1947ರ ತೀರ್ಪುಗಳಲ್ಲಿ ಈ ನಿಯಮಕ್ಕೆ ಜೀವ ತುಂಬಿದರು. ಇತರ ವ್ಯಾಜ್ಯಗಳಲ್ಲಿ ತಕ್ಕಡಿಯು ಎತ್ತ ತುಸು ಬಾಗಿದರೆ ಅತ್ತ ತೀರ್ಪು. ಇಲ್ಲಿ ಹಾಗಲ್ಲ. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂಬುದನ್ನು ನ್ಯಾಯವಾದ ಸಂದೇಹ ಉಳಿಯದಂತೆ ಸರಕಾರವೇ ತೋರಿಸಬೇಕು. ಅಪರಾಧಿಯನ್ನು ಶಿಕ್ಷಿಸುವುದಕ್ಕೆ ಎಷ್ಟು ರುಜುವಾತು ಬೇಕೋ ಅಷ್ಟು ಬೇಕು.

ಸ್ವತಂತ್ರ ಭಾರತವೂ ಈ ತತ್ತ್ವವನ್ನು ಸ್ವೀಕರಿಸಿತು. 1982ರ ನಿಯಮಗಳ ಪ್ರಕಾರ, ಸೇರ್ಪಡೆಯ ಕಾಲದಲ್ಲಿ ದಾಖಲೆಯಲ್ಲಿ ದೋಷವನ್ನು ಬರೆದಿರದಿದ್ದರೆ ಸಿಪಾಯಿಯು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕಾಗಿತ್ತು. ಸಂದೇಹದ ಫಲ ಅವನಿಗೆ ಸಲ್ಲಬೇಕಾಗಿತ್ತು. ಆದರೆ ನಿಯಮವಿರುವುದು ಬೇರೆ, ಅದು ನಡೆಯುವುದು ಬೇರೆ. 1985ರಲ್ಲಿ ಸಿಗ್ನಲ್ಸ್ ದಳವನ್ನು ಸೇರಿದ ಸಿಪಾಯಿಯೊಬ್ಬನನ್ನು ಮೂರ್ಛೆರೋಗದ ಕಾರಣದಿಂದ 1994ರಲ್ಲಿ ಬಿಡುಗಡೆ ಮಾಡಿದರು. ಊನದ ಪ್ರಮಾಣವನ್ನು ನೂರಕ್ಕೆ 20 ಎಂದು ಎಣಿಸಿದರು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ವೈದ್ಯಮಂಡಲಿಯು ಬರೆಯಿತು, ಏಕೆಂಬುದನ್ನು ಬರೆಯಲಿಲ್ಲ. ಪಿಂಚಣಿ ದೊರೆಯಲಿಲ್ಲ. ಹೈಕೋರ್ಟಿನಲ್ಲಿ ಒಮ್ಮೆ ಗೆದ್ದು, ಅಲ್ಲಿಯೇ ಮೇಲಿನ ಪೀಠದಲ್ಲಿ ಸೋತು, ಅವನು ಸುಪ್ರೀಂ ಕೋರ್ಟಿನಲ್ಲಿ ನ್ಯಾಯ ಪಡೆದುದು 2013ರ ಜುಲೈಯಲ್ಲಿ. ಕಾರಣ ಕೊಡದ ವೈದ್ಯಾಭಿಪ್ರಾಯವು ಸಾಲದೆಂದೂ ರುಜುವಾತಿನ ಹೊಣೆ ಸಿಪಾಯಿಯದಲ್ಲವೆಂದೂ ನ್ಯಾಯಾಲಯವು ಸ್ಪಷ್ಟಪಡಿಸಿತು. ಈ ಮಾತನ್ನು ಕೇಳಲು ಅವನು 19 ವರ್ಷ ಕಾಯಬೇಕಾಯಿತು.

ಈಗ ಅಪೀಲಿಗೆ ಮೆಟ್ಟಲುಗಳಿವೆ. ಮೊದಲು ಇಲಾಖೆಯ ಅಪೀಲು ಸಮಿತಿಗಳು. ಅನಂತರ 2007ರ ಕಾಯಿದೆಯಂತೆ ಹುಟ್ಟಿ 2009ರಲ್ಲಿ ಕೆಲಸ ತೊಡಗಿದ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್. ಇದರ ಪೀಠದಲ್ಲಿ ನ್ಯಾಯಾಂಗದ ಒಬ್ಬ ಸದಸ್ಯರೂ ಸೇನೆಯ ಉನ್ನತ ಪದವಿಯಲ್ಲಿದ್ದ ಒಬ್ಬ ಸದಸ್ಯರೂ ಕೂಡಿರುತ್ತಾರೆ. ಕರ್ನಾಟಕದ ಸೈನಿಕರ ಅಹವಾಲು ಕೊಚ್ಚಿಯ ಪೀಠದ ವ್ಯಾಪ್ತಿಗೆ ಸೇರಿದೆ.

ಆದರೆ ಗೆದ್ದ ತತ್ತ್ವವು ಶಾಶ್ವತವಾಗಿ ಗೆದ್ದಿತೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ 2005ರ ಏಪ್ರಿಲಿನಿಂದೀಚಿನ ಊನಗಳಿಗೆ ಬಂದ ಹೊಸ ಯೋಜನೆಯು ರುಜುವಾತಿನ ಹೊಣೆಯನ್ನು ಪುನಃ ಸೈನಿಕನ ಮೇಲೆ ಇಟ್ಟಿತು; ತಕ್ಕಡಿಯು ಅವನ ಕಡೆಗೆ ತುಸುವಾದರೂ ಬಾಗಬೇಕು. ನಮ್ಮ 2008ರ ನಿಯಮಗಳೂ ಬಿಡುಗಡೆಯಾಗಿ 15 ವರ್ಷಗಳಾದ ಮೇಲೆ ಕೇಳುವವನ ಮೇಲೆ ಆ ಹೊಣೆಯನ್ನು ಹೊರಿಸಿದುವು. ಸರಕಾರದ ಬೊಕ್ಕಸವು ಪ್ರಜೆಗಳ ಹಣ, ಸುಳ್ಳು ಹಕ್ಕುಗಳಿಂದ ಅದನ್ನು ಕಾಯಬೇಕೆಂಬ ವಾದವು ನಿರಾಧಾರವಲ್ಲ. ಆದರೂ ಒಂದು ಮಾತನ್ನು ಮರೆಯಬಾರದು. ಸಿಪಾಯಿಯನ್ನು ಪರೀಕ್ಷಿಸಿ ಸೇನೆಗೆ ತೆಗೆದುಕೊಂಡವರು ಸರಕಾರದ ವೈದ್ಯರು; ಹಿಮದಲ್ಲಿಯೂ ಮರಳುಗಾಡಿನಲ್ಲಿಯೂ ಅವನನ್ನು ನಿಲ್ಲಿಸಿದುದು ಸರಕಾರದ ಆಜ್ಞೆ; ಅವನ ದಾಖಲೆಗಳಿರುವುದೂ ಸರಕಾರದ ಕಪಾಟಿನಲ್ಲಿ. ಸಾಕ್ಷ್ಯವು ಯಾರ ಕೈಯಲ್ಲಿದೆಯೋ ಅವರೇ ಹೊಣೆ ಹೊರುವುದು ನ್ಯಾಯವೆಂದು ತೋರುತ್ತದೆ.

ಸೇನೆಯಲ್ಲಿ ಮಕ್ಕಳಿರುವ ಮನೆಯವರಿಗೆ ಈ ಇತಿಹಾಸದಿಂದ ತಿಳಿಯಬೇಕಾದ ಪಾಠವೂ ಒಂದುಂಟು. ವೈದ್ಯಮಂಡಲಿಯ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ಕಾರಣ ಬರೆದಿದೆಯೆ ಎಂದು ನೋಡಿರಿ. ಅಪೀಲಿನ ಗಡುವು ಮೀರದಂತೆ ಎಚ್ಚರವಹಿಸಿರಿ.