ತಂಗಡಗಿಯಿಂದ ಭೀಮಾ ತೀರದವರೆಗೆ: ಅವಮಾನ, ಹಗೆ ಮತ್ತು ದೋಷವುಳ್ಳ ನಾಯಕ

1565ರ ಜನವರಿ 23ರಂದು ತಂಗಡಗಿಯ ಕದನದಲ್ಲಿ ವಿಜಯನಗರದ ಅಳಿಯ ರಾಮರಾಯನ ತಲೆ ಉರುಳಿದಾಗ ಸ್ಟ್ರ್ಯಾಟ್‌ಫರ್ಡಿನಲ್ಲಿ ಶೇಕ್ಸ್‌ಪಿಯರ್ ಇನ್ನೂ ಒಂಬತ್ತು ತಿಂಗಳ ಕೂಸು. ಆ ಕೂಸು ಬೆಳೆದು ಮ್ಯಾಕ್‌ಬೆತ್‌ನನ್ನೂ ಒಥೆಲೊನನ್ನೂ ಬರೆಯಿತು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ದುರಂತ ನಾಯಕನ ಪಾಠ ಇಂದಿಗೂ ಅವರಿಂದಲೇ ಶುರುವಾಗುತ್ತದೆ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯ ಹುಡುಗ ಅದೇ ಪಾಠ ಓದಿ, ಅದೇ ಪರೀಕ್ಷೆ ಬರೆದು ಊರಿಗೆ ಮರಳುತ್ತಾನೆ. ತನ್ನೂರಿನ ಹೆಸರು ಹೊತ್ತ ದುರಂತವೊಂದಿದೆ ಎಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ನೆಲದೊಂದಿಗೆ ನಂಟುಳ್ಳ ಕೆಲವು ಕಥನಗಳನ್ನು ಈ ಲೇಖನ ಒಟ್ಟಿಗೆ ಇಟ್ಟು ನೋಡುತ್ತದೆ. ಅವುಗಳ ನಾಯಕರ ದೋಷ ಎಲ್ಲಿಂದ ಹುಟ್ಟಿತು ಎಂಬುದು ಇಲ್ಲಿನ ಪ್ರಶ್ನೆ.

ದೋಷವುಳ್ಳ ನಾಯಕ ಕನ್ನಡಕ್ಕೆ ಇಂಗ್ಲಿಷಿನಿಂದ ಬಂದವನಲ್ಲ. ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯ ಕಟ್ಟಿಸಿದವನೆಂದು ಸಾಹಿತ್ಯ ಚರಿತ್ರೆ ಗುರುತಿಸುವ ನಾಗಚಂದ್ರ, ಎಲಿಜಬೆತ್ ಕಾಲದ ರಂಗಭೂಮಿಗಿಂತ ನಾನೂರು ವರ್ಷಕ್ಕೂ ಮೊದಲೇ ಅಂಥ ರಾವಣನನ್ನು ಸೃಷ್ಟಿಸಿದ್ದ. ಒಲ್ಲದ ಹೆಣ್ಣನ್ನು ಮುಟ್ಟೆನೆಂದು ವ್ರತ ತೊಟ್ಟ ಈ ರಾವಣನ ಮನಸ್ಸು ಸೀತೆಯನ್ನು ಕಂಡು ಕದಡುತ್ತದೆ. ಕೊನೆಗೆ ಪಶ್ಚಾತ್ತಾಪವೂ ಆಗುತ್ತದೆ. ಆದರೆ ಸೀತೆಯನ್ನು ಈಗಲೇ ಒಪ್ಪಿಸಿದರೆ ಹೆದರಿ ಒಪ್ಪಿಸಿದನೆಂದು ಲೋಕ ಆಡಿಕೊಂಡೀತು. ಮೊದಲು ರಾಮಲಕ್ಷ್ಮಣರನ್ನು ಸೆರೆಹಿಡಿದು, ಆಮೇಲೆ ಒಪ್ಪಿಸುತ್ತೇನೆ ಎಂದು ಅವನು ನಿಶ್ಚಯಿಸುತ್ತಾನೆ. ಆ ಒಂದು ನಿಶ್ಚಯ ಅವನನ್ನು ಕೊಲ್ಲುತ್ತದೆ. ಬಿ.ಎಂ.ಶ್ರೀ ಅವನಲ್ಲಿ ದುರಂತ ನಾಯಕನನ್ನು ಗುರುತಿಸಿದ್ದು ಸರಿಯಾಗಿಯೇ ಇದೆ. ನನಗೆ ಇದರಲ್ಲಿ ಮುಖ್ಯವೆನಿಸುವುದು ರಾವಣನ ಕಾಮವಲ್ಲ, ನಾಲ್ಕು ಜನರ ಮುಂದೆ ತಲೆತಗ್ಗಿಸಬೇಕಾದೀತು ಎಂಬ ಅವನ ಭಯ. ಮುಂದೆ ಬರುವ ರಾಮರಾಯ, ಬಿಜ್ಜಳರ ಕಥನಗಳಲ್ಲೂ ಕೆಲಸ ಮಾಡುವುದು ಈ ಭಯವೇ.

ಆ ಕಥನಗಳಿಗೆ ಹೋಗುವ ಮುಂಚೆ ದೋಷವುಳ್ಳ ನಾಯಕನ ಇನ್ನೊಂದು ಮಾದರಿಯನ್ನೂ ನೋಡಬೇಕು. ಹಾರ್ಡ್‌ಬಾಯಿಲ್ಡ್ ಪತ್ತೇದಾರಿ ಕಾದಂಬರಿ ಹುಟ್ಟಿದ್ದು ಅಮೆರಿಕದಲ್ಲಿ. ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದಿದ್ದ ಡ್ಯಾಶಿಯಲ್ ಹ್ಯಾಮೆಟ್ 1929ರಲ್ಲಿ 'ರೆಡ್ ಹಾರ್ವೆಸ್ಟ್' ಬರೆದ. ಅದರ ಪತ್ತೇದಾರ ಒಂದು ಕೊಳೆತ ಗಣಿ ಊರನ್ನು ಶುದ್ಧ ಮಾಡಲು ಹೊರಟು, ಗುಂಪುಗಳನ್ನು ಒಂದರ ಮೇಲೊಂದು ಎತ್ತಿಕಟ್ಟಿ, ಕಡೆಗೆ ತನಗೇ ರಕ್ತದ ರುಚಿ ಹತ್ತಿತೆಂದು ದಿಗಿಲುಪಡುತ್ತಾನೆ. ದುರಂತ ನಾಟಕದಲ್ಲಿ ನಾಯಕನ ದೋಷ ರಾಜ್ಯವನ್ನು ಕೆಡಿಸಿದರೆ ಇಲ್ಲಿ ಊರಿನ ದೋಷ ನಾಯಕನಿಗೆ ಮೆತ್ತಿಕೊಳ್ಳುತ್ತದೆ. ಈ ಎರಡರ ನಡುವೆ ನಿಲ್ಲುವವನು ಜಾನ್ ವೆಬ್‌ಸ್ಟರನ 'ದಿ ಡಚೆಸ್ ಆಫ್ ಮಾಲ್ಫಿ'ಯ ಬೊಸೊಲಾ. ಅವನು ಜೀತದ ಹಡಗಿನಲ್ಲಿ ಶಿಕ್ಷೆ ಉಂಡು ಬಂದವನು, ಹಣಕ್ಕಾಗಿ ಒಡತಿಯ ಮೇಲೆ ಕಣ್ಣಿಡಲು ಒಪ್ಪಿದ ಗೂಢಚಾರ. ಒಡತಿ ತನ್ನ ಅಂತಸ್ತಿಗಿಂತ ಕೆಳಗಿನ ಮೇಲ್ವಿಚಾರಕನನ್ನು ಗುಟ್ಟಾಗಿ ಮದುವೆಯಾಗಿದ್ದಾಳೆ. ಕುಲದ ರಕ್ತ ಕೆಟ್ಟಿತೆಂದು ಅಣ್ಣತಮ್ಮಂದಿರು ಅವಳನ್ನು ಕೊಲ್ಲಿಸುತ್ತಾರೆ. ಕೊಂದ ಕೈಯಿಂದಲೇ ಬೊಸೊಲಾ ಸೇಡಿಗೂ ಇಳಿಯುತ್ತಾನೆ, ಇಳಿದು ಕತ್ತಲಲ್ಲಿ ತಪ್ಪು ಮನುಷ್ಯನನ್ನು ಇರಿಯುತ್ತಾನೆ. ಹರಳಯ್ಯ ಮಧುವರಸರ ಕತೆ ಬಲ್ಲ ಓದುಗರಿಗೆ ಈ ನಾಟಕ ಪರಕೀಯವೆನಿಸದು.

ಈಗ ರಾಮರಾಯನ ಮಾತು. ಶಾಲೆಯ ಪುಸ್ತಕಗಳಲ್ಲಿ ಅವನ ಸೋಲಿಗೆ ಎರಡೇ ಕಾರಣ, ಅಹಂಕಾರ ಅಥವಾ ದ್ರೋಹ. ಯುದ್ಧವಾದ ಎರಡು ವರ್ಷಕ್ಕೆ, 1567ರಲ್ಲಿ, ವಿಜಯನಗರಕ್ಕೆ ಬಂದ ವೆನಿಸ್ಸಿನ ವರ್ತಕ ಚೇಸರೆ ಫೆದೆರೀಚಿ ರಾಮರಾಯನ ಕಡೆಯ ಇಬ್ಬರು ಮುಸ್ಲಿಂ ದಂಡನಾಯಕರ ದ್ರೋಹದ ಮಾತು ಬರೆದಿದ್ದಾನೆ. ಫೆರಿಶ್ತಾ ಮೊದಲಾದ ಫಾರ್ಸಿ ಭಾಷೆಯ ಇತಿಹಾಸಕಾರರು ಅಹಂಕಾರಕ್ಕೆ ಒತ್ತು ಕೊಡುತ್ತಾರೆ. ಎರಡೂ ಮಾತು ಅರ್ಧ ದಾರಿಗೇ ನಿಲ್ಲುತ್ತವೆ. ರಾಮರಾಯ ರಾಜವಂಶದಲ್ಲಿ ಹುಟ್ಟಿದವನಲ್ಲ. ಮೊದಲು ಗೋಲ್ಕೊಂಡದ ಸುಲ್ತಾನನ ಚಾಕರಿಯಲ್ಲಿದ್ದ. ತನ್ನ ವಶದಲ್ಲಿದ್ದ ಕೋಟೆಯನ್ನು ಬಿಜಾಪುರದವರಿಗೆ ಬಿಟ್ಟು ಓಡಿಬಂದ ಹೇಡಿಯೆಂಬ ಹಣೆಪಟ್ಟಿ ಹೊತ್ತು ಅಲ್ಲಿಂದ ಹೊರಬಿದ್ದ ಎಂಬ ವೃತ್ತಾಂತವಿದೆ. ಆಮೇಲೆ ಕೃಷ್ಣದೇವರಾಯನ ಮಗಳ ಕೈಹಿಡಿದು 'ಅಳಿಯ'ನಾದ. ಎರಡು ದಶಕ ಸಾಮ್ರಾಜ್ಯವನ್ನು ಆಳಿದವನೇ ಅವನಾದರೂ ಸಿಂಹಾಸನದ ಮೇಲೆ ಸದಾಶಿವರಾಯನಿದ್ದ, ಹೆಸರಿನ ಮುಂದೆ 'ಅಳಿಯ' ಇತ್ತು. ಅವನ ಅರವೀಡು ಮನೆತನ ತನ್ನ ಬೇರನ್ನು ಚಾಲುಕ್ಯರಲ್ಲಿ ಹುಡುಕಿತು. ಚಾಲುಕ್ಯರೆಂದರೆ ಕಲ್ಯಾಣ.

ಆ ಕಲ್ಯಾಣದ ಕೋಟೆಗೆ ಸಂಬಂಧಿಸಿದ ಒಂದು ಪ್ರಸಂಗವನ್ನು ಹತ್ತಿರದಿಂದ ನೋಡಬೇಕು. ರಾಮರಾಯ ಬಿಜಾಪುರ, ಗೋಲ್ಕೊಂಡಗಳನ್ನು ಜತೆಗಿಟ್ಟುಕೊಂಡು ಅಹಮದ್‌ನಗರವನ್ನು ಮುತ್ತಿದ್ದಾನೆ. ಸೋತ ಹುಸೇನ್ ನಿಜಾಮ್ ಶಾ ಸಂಧಿಗಾಗಿ ಅವನ ಡೇರೆಗೆ ಬರುತ್ತಾನೆ. ರಾಮರಾಯ ಎದ್ದು ಅವನ ಕೈಹಿಡಿಯುತ್ತಾನೆ. ಸುಲ್ತಾನ ಎಲ್ಲರೆದುರೇ ನೀರು ತರಿಸಿ ಆ ಕೈಯನ್ನು ತೊಳೆದುಕೊಳ್ಳುತ್ತಾನೆ. ರಾಮರಾಯ ತನ್ನ ಭಾಷೆಯಲ್ಲಿ ತನ್ನವರಿಗೆ, ಇವನು ಅತಿಥಿಯಾಗಿರದಿದ್ದರೆ ಕೈ ಕಡಿಸಿ ಕೊರಳಿಗೆ ಕಟ್ಟಿಸುತ್ತಿದ್ದೆ ಎಂಬರ್ಥದ ಮಾತು ಹೇಳಿ, ತಾನೂ ನೀರು ತರಿಸಿ ಕೈ ತೊಳೆಯುತ್ತಾನೆ. ಬಳಿಕ ಸುಲ್ತಾನ ಕಲ್ಯಾಣದ ಕೋಟೆಯ ಬೀಗದ ಕೈಗಳನ್ನು ಒಪ್ಪಿಸುತ್ತಾನೆ. ರಾಮರಾಯ ಅವನ್ನು ಅಲ್ಲಿಂದಲೇ ಅಲಿ ಆದಿಲ್ ಶಾನಿಗೆ ಕಳಿಸಿಬಿಡುತ್ತಾನೆ. ಆಸ್ಥಾನಗಳ ಇತಿಹಾಸಕಾರರು ಇದಕ್ಕೆ ಬಣ್ಣ ಹಚ್ಚಿರಬಹುದು. ಹಾಗಿದ್ದರೂ, ದಖ್ಖನ್ನಿನ ಮಹಾಯುದ್ಧವೊಂದರ ಬೇರನ್ನು ಅವರು ಕಂಡದ್ದು ಮುಟ್ಟಿದ ಕೈ ತೊಳೆಯುವುದರಲ್ಲಿ ಎಂಬುದು ಸಣ್ಣ ಸಂಗತಿಯಲ್ಲ. ಮುಟ್ಟು, ಮೈಲಿಗೆ, ಮರ್ಯಾದೆಗಳ ಕಣ್ಣಲ್ಲೇ ಆ ಕಾಲ ರಾಜಕೀಯವನ್ನು ಓದುತ್ತಿತ್ತು.

ಅಲಿ ಆದಿಲ್ ಶಾನದೂ ಇಂಥದೇ ಕತೆ. ರಾಮರಾಯನ ಮಗ ತೀರಿಕೊಂಡಾಗ ಅವನು ಸಂತಾಪ ಹೇಳಲು ಸ್ವತಃ ವಿಜಯನಗರಕ್ಕೆ ಹೋದ. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಸ್ವೀಕರಿಸಿದಳು. ಮರಳುವಾಗ ಮಾತ್ರ ರಾಮರಾಯ, ಪದ್ಧತಿಯಂತೆ, ಊರ ಹೊರಗಿನವರೆಗೆ ಹೋಗಿ ಬೀಳ್ಕೊಡಲಿಲ್ಲ. ಫೆರಿಶ್ತಾ ಪ್ರಕಾರ ಆ ಮುಳ್ಳು ಕೊನೆಯವರೆಗೂ ಚುಚ್ಚುತ್ತಲೇ ಇತ್ತು. ಮುಂದೆ ನಿಜಾಮ್ ಶಾನ ಮಗಳು ಚಾಂದ್ ಬೀಬಿ ಆದಿಲ್ ಶಾನ ಮನೆ ತುಂಬಿದಳು, ಬಳುವಳಿಯಾಗಿ ಸೊಲ್ಲಾಪುರದ ಕೋಟೆ ಬಂತು. ವಿಜಯನಗರದಲ್ಲಿ ಏಳು ವರ್ಷ ಆಶ್ರಯ ಪಡೆದಿದ್ದ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ ಕೂಡ ಅವರ ಜತೆ ನಿಂತ. ರಾಮರಾಯನ ತಲೆ ಹಾರಿಸಲು ಆಜ್ಞೆ ಕೊಟ್ಟವನು ಅಂದು ಕೈ ತೊಳೆದುಕೊಂಡ ಹುಸೇನನೇ.

ಗಿರೀಶ ಕಾರ್ನಾಡರು 2018ರ 'ರಾಕ್ಷಸ ತಂಗಡಿ'ಯಲ್ಲಿ ಈ ಇತಿಹಾಸವನ್ನು ಎತ್ತಿಕೊಂಡಾಗ ಹಿಂದೂ ಮುಸ್ಲಿಂ ಕದನವೆಂಬ ಸವಕಲು ದಾರಿ ಹಿಡಿಯಲಿಲ್ಲ. ಅಳಿಯನೆಂಬ ನೋವು, ಚಾಲುಕ್ಯ ಮೂಲದ ಹೆಮ್ಮೆ, ಕಲ್ಯಾಣದ ಮೋಹ ಅಲ್ಲಿ ಕೇಂದ್ರಕ್ಕೆ ಬರುತ್ತವೆ. ನನ್ನ ವಾದವೂ ಇಲ್ಲಿಂದಲೇ ಹೊರಡುತ್ತದೆ. ರಾಮರಾಯನ ಅಹಂಕಾರ ಒಂದು ಗಾಯದ ಮೇಲೆ ಕಟ್ಟಿದ ಹಕ್ಕಳೆ. ಹುಟ್ಟಿನ ಕಾರಣಕ್ಕೆ ಅವಮಾನ ಉಂಡವನು ಅಧಿಕಾರ ಸಿಕ್ಕಾಗ ಆ ಅವಮಾನವನ್ನು ಇನ್ನೊಬ್ಬನಿಗೆ ದಾಟಿಸುತ್ತಾನೆ. ಈ ದಾಟಿಸುವಿಕೆಯೇ ಈ ನೆಲದ ನಾಯಕರ ದೋಷ. ಮ್ಯಾಕ್‌ಬೆತ್‌ನ ಮಹತ್ವಾಕಾಂಕ್ಷೆಗಿಂತ ಇದು ಒಥೆಲೊನ ಕೀಳರಿಮೆಗೆ ಹತ್ತಿರ.

ಕಲ್ಯಾಣದ ಇನ್ನೊಬ್ಬ ನಾಯಕ ಬಿಜ್ಜಳ. ಅವನ ಸಾವು ಕರ್ನಾಟಕ ಚರಿತ್ರೆಯ ಬಗೆಹರಿಯದ ಕೊಲೆ ಪ್ರಕರಣ, ಅಥವಾ ಕೊಲೆಯೇ ಆಗಿರದ ಪ್ರಕರಣ. ವೀರಶೈವ ಪುರಾಣಗಳ ಸಾಕ್ಷ್ಯದಂತೆ ಅವನನ್ನು ಕೊಂದವರು ಜಗದೇವ ಮತ್ತು ಮೊಲ್ಲೆಬೊಮ್ಮಯ್ಯ. ಶರಣರ ಮೇಲಿನ ಹಿಂಸೆಗೆ ಅದು ಪ್ರತೀಕಾರ. ಜೈನರ 'ಬಿಜ್ಜಳರಾಯಚರಿತೆ'ಯ ಸಾಕ್ಷ್ಯ ಬೇರೆ. ಕೊಲ್ಲಾಪುರದ ದಂಡಯಾತ್ರೆ ಮುಗಿಸಿ ಬರುತ್ತ ಭೀಮಾ ದಂಡೆಯಲ್ಲಿ ಬೀಡುಬಿಟ್ಟಿದ್ದ ಅರಸನಿಗೆ ಬಸವಣ್ಣ ವಿಷದ ಹಣ್ಣು ಕಳಿಸಿದನೆಂದು ಅದು ಆರೋಪಿಸುತ್ತದೆ. ಮೂರನೆಯ ಸಾಕ್ಷಿ ಶಾಸನಗಳು. ಅವುಗಳಲ್ಲಿ 1167-68ರ ಸುಮಾರಿಗೆ ಬಿಜ್ಜಳನ ಜಾಗದಲ್ಲಿ ಮಗ ಸೋವಿದೇವ ಕಾಣಿಸಿಕೊಳ್ಳುತ್ತಾನೆ. ಅಧಿಕಾರ ಕೈಬದಲಾದದ್ದು ಕಾಣುತ್ತದೆ, ನೆತ್ತರು ಕಾಣುವುದಿಲ್ಲ. ಬಾಗೇವಾಡಿ ತಾಲ್ಲೂಕಿನ ಮನಗೂಳಿಯ ಶಾಸನಗಳನ್ನು ಓದಿ ಪ್ರಕಟಿಸಿದ ಫ್ಲೀಟ್ ಈ ಸಾಕ್ಷ್ಯಗಳನ್ನು ಎದುರುಬದುರು ನಿಲ್ಲಿಸಿದ ಮೊದಲಿಗರಲ್ಲೊಬ್ಬ. ಪ್ರತಿ ಸಾಕ್ಷಿಗೂ ತನ್ನ ಮತದ ಹಂಗಿದೆ. ಪತ್ತೇದಾರಿ ಕಾದಂಬರಿಯ ಓದುಗ ಇಂಥ ಹೇಳಿಕೆಗಳನ್ನು ಅನುಮಾನದಿಂದಲೇ ಓದಲು ಕಲಿತಿರುತ್ತಾನೆ. ಬಿಜ್ಜಳನ ಓದುಗರೂ ಹಾಗೆಯೇ ಓದಬೇಕು.

ಲಂಕೇಶರ 'ಸಂಕ್ರಾಂತಿ', ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ' ಕೂಡ ಈ ಕಾಲವನ್ನೇ ಎತ್ತಿಕೊಂಡವು. ನನ್ನ ವಾದಕ್ಕೆ ಹತ್ತಿರದ್ದು ಕಾರ್ನಾಡರ 'ತಲೆದಂಡ' (1990). ಅಲ್ಲಿನ ಬಿಜ್ಜಳ ಕ್ಷೌರಿಕ ಕುಲದವನು. ಹಣ, ದಾನಗಳಿಂದ ಕ್ಷತ್ರಿಯತ್ವ ಕೊಂಡ ಮನೆತನ ಅವನದು. ತನ್ನ ಹುಟ್ಟನ್ನು ನೆನಪಿಸದ ಕಣ್ಣುಗಳಿಂದ ತನ್ನನ್ನು ನೋಡಿದವರು ಶರಣರು ಮಾತ್ರ ಎಂದು ಅವನು ರಾಣಿ ರಂಭಾವತಿಯ ಮುಂದೆ ಹೇಳಿಕೊಳ್ಳುವ ಘಳಿಗೆ ಕನ್ನಡ ರಂಗಭೂಮಿಯ ದೊಡ್ಡ ಘಳಿಗೆಗಳಲ್ಲೊಂದು. ಇದೇ ಮನುಷ್ಯ ಹೆತ್ತ ಮಗನನ್ನು ಜನರೆದುರು ಹೀಯಾಳಿಸುತ್ತಾನೆ. ತಾನು ಉಂಡ ತಿರಸ್ಕಾರವನ್ನು ಸೋವಿದೇವನಿಗೆ ಉಣಿಸುತ್ತ ಹೋಗುತ್ತಾನೆ. ಬ್ರಾಹ್ಮಣ ಮಧುವರಸನ ಮಗಳು ಕಲಾವತಿಗೂ ಸಮಗಾರ ಹರಳಯ್ಯನ ಮಗ ಶೀಲವಂತನಿಗೂ ಮದುವೆಯಾದ ಮೇಲೆ ಕಲ್ಯಾಣ ಕುದಿಯುವಾಗ, ಆ ಹೀಯಾಳಿಕೆಯನ್ನು ನುಂಗಿಕೊಂಡಿದ್ದ ಮಗನೇ ಅರಸೊತ್ತಿಗೆ ಕಸಿಯುತ್ತಾನೆ. ಹರಳಯ್ಯ ಮಧುವರಸರ ಮರಣದಂಡನೆಗೆ ಹೊಣೆ ಸೋವಿದೇವನ ಕೂಟ. ಜಗದೇವನ ಕತ್ತಿಗೆ ಸಿಕ್ಕವನು ಅಷ್ಟರಲ್ಲಿ ಸೆರೆಯಾಳಾಗಿದ್ದ ಬಿಜ್ಜಳ. ತಪ್ಪು ಮನುಷ್ಯನನ್ನು ಇರಿದ ಬೊಸೊಲಾನ ಕೈ ಇದು. ಜಗದೇವನನ್ನು ಬರೀ ಹಂತಕನೆಂದೋ ಬರೀ ಧರ್ಮವೀರನೆಂದೋ ಓದುವವರು ನಾಟಕದ ಅರ್ಧವನ್ನಷ್ಟೇ ಓದಿದ್ದಾರೆಂದು ನಾನು ಭಾವಿಸುತ್ತೇನೆ.

ಈ ಪ್ರಕರಣದ ಬೆನ್ನುಹತ್ತಿದ ದೊಡ್ಡ ಶೋಧಕ ಹುಟ್ಟಿದ್ದು ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ. ಶಾಸನದ ಒಂದು ಅಕ್ಷರ, ಹಸ್ತಪ್ರತಿಯ ಒಂದು ಪಾಠಭೇದ, ಊರ ಹೆಸರಿನ ಒಂದು ತುಣುಕು ಹಿಡಿದು ಎಂ.ಎಂ. ಕಲಬುರ್ಗಿ (1938-2015) ಕಳೆದುಹೋದ ಕಾಲವನ್ನು ಕಟ್ಟುತ್ತಿದ್ದರು. ಹಾರ್ಡ್‌ಬಾಯಿಲ್ಡ್ ಕಾದಂಬರಿಗಳಲ್ಲಿ ಪತ್ತೇದಾರ ಪ್ರಕರಣದ ಹೊರಗೆ ನಿಲ್ಲಲಾರ. ಕೈಬಿಡು ಎಂಬ ಬೆದರಿಕೆ ಬಂದೇ ಬರುತ್ತದೆ. 'ಮಾರ್ಗ' ಸಂಪುಟದಲ್ಲಿ ಚೆನ್ನಬಸವಣ್ಣನ ಜನನದ ಬಗ್ಗೆ ಬರೆದದ್ದಕ್ಕೆ ಎದ್ದ ವಿರೋಧದಿಂದ 1989ರಲ್ಲಿ ಅವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಆ ಹಿಂತೆಗೆತವನ್ನು ಅವರ ದೌರ್ಬಲ್ಯವೆಂದು ಎಣಿಸುವವರಿದ್ದಾರೆ. ನಾನು ಹಾಗೆ ಎಣಿಸಲಾರೆ. ಅವರು ಪ್ರಕರಣವನ್ನು ಬಿಡಲಿಲ್ಲ. ಸಂಶೋಧನೆಯ ಜತೆಗೆ ನಾಟಕವನ್ನೂ ಹಿಡಿದು 'ಕೆಟ್ಟಿತ್ತು ಕಲ್ಯಾಣ' ಬರೆದರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಬಾಗಿಲಲ್ಲೇ ಅವರನ್ನು ಗುಂಡಿಕ್ಕಿ ಕೊಂದರು. ಅವರ ಶಿಷ್ಯರ ಶಿಷ್ಯರಿಗೂ ಆ ಸಿಟ್ಟು ಇನ್ನೂ ಆರಿಲ್ಲ.

ಇಂಡಿ, ಸಿಂದಗಿಯ ಭೀಮಾ ದಂಡೆಗೆ ಈಗ ಬೇರೊಂದು ಹೆಸರು ಅಂಟಿಕೊಂಡಿದೆ. ರವಿ ಬೆಳಗೆರೆಯವರ 'ಭೀಮಾ ತೀರದ ಹಂತಕರು' ಬಂದ ಮೇಲೆ ಆ ಪುಸ್ತಕದ ಹೆಸರೇ ಪತ್ರಿಕೆ, ಟಿವಿಗಳ ಸಿದ್ಧ ಶೀರ್ಷಿಕೆಯಾಯಿತು. 2012ರಲ್ಲಿ 'ಭೀಮಾ ತೀರದಲ್ಲಿ' ಸಿನಿಮಾ ಬಂತು. ನಾಡಪಿಸ್ತೂಲು, ಮನೆತನದ ಹಗೆ, ಹೊಲದ ವ್ಯಾಜ್ಯ, ಎನ್‌ಕೌಂಟರ್: ಕನ್ನಡಕ್ಕೆ ಸ್ವಂತ ಹಾರ್ಡ್‌ಬಾಯಿಲ್ಡ್ ಕಥನ ಹುಟ್ಟಲು ಬೇಕಾದ ಸಾಮಗ್ರಿಯೆಲ್ಲ ಇಲ್ಲಿತ್ತು. ನನ್ನ ತಕರಾರು ಇರುವುದು ಆ ಶೀರ್ಷಿಕೆಯ ಬಗ್ಗೆ. ಹ್ಯಾಮೆಟ್ಟನ ಪತ್ತೇದಾರ ತಾನೂ ಕೆಟ್ಟೆನೆಂದು ಬಾಯಿಬಿಟ್ಟು ಹೇಳುತ್ತಾನೆ. ನಮ್ಮ ಟಿವಿ ವರದಿಯಲ್ಲಿ ಹೇಳುವವನು ಶುಭ್ರ, ಕೇಳುವವನು ಶುಭ್ರ, ಕಲೆಯೆಲ್ಲ ನದಿಯ ದಂಡೆಗೆ. ದಂಡೆಯ ಮೇಲೆ ಜೋಳ ಬಿತ್ತುವವರು, ಇಂಡಿಯ ನಿಂಬೆ ತೋಟದವರು, ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವ ಇಲ್ಲಿನ ಹುಡುಗರು ಎಲ್ಲರೂ ಆ ಒಂದು ಪದದಡಿ ಬರುತ್ತಾರೆ. ಒಬ್ಬನ ಕೈಗೆ ಬಂದೂಕು ಬರುವ ಮುಂಚೆ ಆ ಕೈಯನ್ನು ಯಾರು ಮುಟ್ಟಿ ತೊಳೆದುಕೊಂಡಿದ್ದರು ಎಂಬ ವಿಚಾರಣೆ ಅಲ್ಲಿ ನಡೆಯುವುದೇ ಇಲ್ಲ. ಅವಮಾನ ದಾಟುತ್ತ ಬಂದ ದಾರಿಯನ್ನು ಕಾರ್ನಾಡರು ಅರಸರ ಬಗ್ಗೆ ತೋರಿಸಿದರು. ರೈತ, ಕೂಲಿ, ದಲಿತರ ಮನೆಗಳಿಂದ ಬಂದವರ ಬಗ್ಗೆ ಅಷ್ಟೇ ಗೌರವದಿಂದ ತೋರಿಸುವ ದುರಂತ ನಾಟಕ ಇನ್ನೂ ಆಗಬೇಕಿದೆ.

ಅದಕ್ಕೆ ಬೇಕಾದ ಒಂದು ರೂಪ ಇದೇ ಇಂಡಿ ಸೀಮೆಯ ಹಲಸಂಗಿಯಲ್ಲಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು 'ಗರತಿಯ ಹಾಡು' ಸಂಗ್ರಹಿಸಿದ ಊರದು, ಲಾವಣಿಕಾರರ ಊರೂ ಹೌದು. ಲಾವಣಿಯ ಹರದೇಶಿ-ನಾಗೇಶಿ ಪಂಥಗಳಲ್ಲಿ ಒಂದು ಮೇಳ ಗಂಡಿನ ಪರ, ಇನ್ನೊಂದು ಹೆಣ್ಣಿನ ಪರ ಹಾಡಿ ವಾದ ಹೂಡುತ್ತದೆ. ಒಂದು ಪ್ರಶ್ನೆ ಎಸೆದರೆ ಇನ್ನೊಂದು ಡಪ್ಪು ಬಡಿದು ಉತ್ತರ ಕಟ್ಟುತ್ತದೆ, ಬೆಳಗಿನ ಜಾವದವರೆಗೂ. ತಂಗಡಗಿಯ ಕದನವನ್ನೂ ಭೀಮಾ ತೀರದ ಹಗೆಗಳನ್ನೂ ನಾವು ಇದುವರೆಗೆ ಕೇಳಿದ್ದು ಹರದೇಶಿಯ ಬಾಯಲ್ಲಿ, ಕೊಂದವರ ಮತ್ತು ಸತ್ತವರ ಕಡೆಯಿಂದ. ಆದಿಲ್ ಶಾನನ್ನು ಮಗನೆಂದು ಕರೆದವಳು, ಗಂಡನನ್ನು ಕೊಂದ ಅಣ್ಣನ ಮನೆಗೇ ಮಕ್ಕಳನ್ನು ಕರಕೊಂಡು ಹೋಗಬೇಕಾದವಳು, ಕೋರ್ಟಿನ ತಾರೀಖಿಗೆ ಬುತ್ತಿ ಕಟ್ಟಿಕೊಂಡು ಬಸ್ ಹತ್ತುವ ತಾಯಿ, ಇವರಿಗೆಲ್ಲ ನಾಗೇಶಿ ಮೇಳದಲ್ಲಿ ಜಾಗವಿದೆ. ಇಂಡಿ, ಸಿಂದಗಿಯ ಯುವ ನಾಟಕಕಾರರು ಆ ಮೇಳವನ್ನು ರಂಗಕ್ಕೆ ತಂದರೆ ಅದರ ಮೊದಲ ಪ್ರಶ್ನೆ ಕೊಂದವನಿಗಿಂತ ಮೊದಲು ನಮ್ಮಂಥ ಕೇಳುಗರಿಗೇ ಬಂದೀತು.