ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಹಕ್ಕಿ ಸೇರಿಸಿಕೊಳ್ಳುವುದಿಲ್ಲವೇ? ಗಾಯಗೊಂಡ ಹಕ್ಕಿ ಸಿಕ್ಕಾಗ ಏನು ಮಾಡಬೇಕು?

"ಕೆಳಗೆ ಬಿದ್ದ ಹಕ್ಕಿ ಮರಿಯನ್ನು ಮುಟ್ಟಬೇಡಿ, ಮನುಷ್ಯರ ವಾಸನೆ ತಾಗಿದರೆ ತಾಯಿ ಅದನ್ನು ಬಿಟ್ಟುಬಿಡುತ್ತದೆ." ಈ ಮಾತು ಎಲ್ಲರೂ ಕೇಳಿದ್ದೇ. ಮಳೆಗಾಲದ ಮುಂಚಿನ ಗಾಳಿ ಮಳೆಗೆ ಗೂಡುಗಳು ಬೀಳುವ ಹೊತ್ತಿನಲ್ಲಿ ಮೊಬೈಲ್‌ಗಳಲ್ಲೂ ಹರಿದಾಡುತ್ತದೆ. ಇದನ್ನು ನಂಬಿ ಮರಿಯನ್ನು ಬಿದ್ದಲ್ಲೇ ಬಿಟ್ಟರೆ ಅದು ಬೆಕ್ಕು, ನಾಯಿಗಳ ಪಾಲಾಗುತ್ತದೆ.

ನಿಜ ಏನು?

ಹಕ್ಕಿಗಳಿಗೆ ವಾಸನೆ ತಿಳಿಯುತ್ತದೆ. ಆದರೆ ಮನುಷ್ಯರ ಕೈ ತಾಗಿತೆಂಬ ಕಾರಣಕ್ಕೆ ಅವು ಮರಿಯನ್ನು ತೊರೆಯುವುದಿಲ್ಲ. ಮರಿಯ ಕೂಗು ಮತ್ತು ಗೂಡು ಇರುವ ಜಾಗವೇ ಅವುಗಳಿಗೆ ಮುಖ್ಯ. ಈ ನಂಬಿಕೆಯಲ್ಲಿ ಒಂದು ಅಂಶ ಮಾತ್ರ ಸರಿ: ಗೂಡಿನ ಹತ್ತಿರ ಪದೇ ಪದೇ ಓಡಾಡಿ ಕಾಟ ಕೊಟ್ಟರೆ, ಅದರಲ್ಲೂ ಮೊಟ್ಟೆ ಇರುವಾಗ, ಕೆಲವು ಹಕ್ಕಿಗಳು ಗೂಡು ಬಿಟ್ಟುಹೋಗಬಹುದು.

ಪುಕ್ಕ ಬಂದಿದೆಯೇ ನೋಡಿ

ಮೈಮೇಲೆ ಪುಕ್ಕವಿಲ್ಲದ, ಕಣ್ಣು ಬಿಡದ ಮರಿಯಾದರೆ ಮೆಲ್ಲಗೆ ಎತ್ತಿ ಗೂಡಿಗೇ ಇಡಿ. ಗೂಡು ಹಾಳಾಗಿದ್ದರೆ ತಳದಲ್ಲಿ ತೂತಿರುವ ಚಿಕ್ಕ ಬುಟ್ಟಿಗೆ ಒಣಹುಲ್ಲು ಹಾಕಿ, ಅದೇ ಮರಕ್ಕೆ ಕಟ್ಟಿ, ಮರಿಯನ್ನು ಅದರಲ್ಲಿಟ್ಟು ದೂರದಿಂದ ಗಮನಿಸಿ.

ಪುಕ್ಕ ಬಂದು, ಗಿಡ್ಡ ಬಾಲದೊಂದಿಗೆ ಕುಪ್ಪಳಿಸುತ್ತಿರುವ ಮರಿ ಹಾರಲು ಕಲಿಯುತ್ತಿರುತ್ತದೆ. ತಂದೆ ತಾಯಿ ಹತ್ತಿರದಲ್ಲೇ ಇದ್ದು ಗುಟುಕು ಕೊಡುತ್ತಿರುತ್ತವೆ. "ಅನಾಥ" ಎಂದು ಮನೆಗೆ ತಂದರೆ ನಾವೇ ಅದನ್ನು ಅನಾಥ ಮಾಡಿದಂತೆ. ನಾಯಿ, ಬೆಕ್ಕಿನ ಭಯವಿದ್ದರೆ ಅಲ್ಲೇ ಇರುವ ಪೊದೆಯ ಮೇಲೆ ಕೂರಿಸಿದರೆ ಸಾಕು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಕಡೆ ಹೊಲದಲ್ಲಿ ನವಿಲಿನ ಮೊಟ್ಟೆ ಕಾಣಿಸಬಹುದು. ನವಿಲು ಗೂಡು ಮಾಡುವುದೇ ನೆಲದ ಮೇಲೆ. ಮೊಟ್ಟೆಗಳನ್ನು ತಂದು ಮನೆಯ ಕೋಳಿಯ ಕಾವಿಗೆ ಇಡಬೇಡಿ. ಅಷ್ಟು ಜಾಗವನ್ನು ಹಾಗೇ ಬಿಟ್ಟು ಉಳಿದ ಹೊಲದ ಕೆಲಸ ಮುಗಿಸಿ.

ಗಾಯವಾಗಿದ್ದರೆ

ರೆಕ್ಕೆ ಜೋತು ಬಿದ್ದಿದ್ದರೆ, ರಕ್ತ ಬರುತ್ತಿದ್ದರೆ ಅಥವಾ ಬೆಕ್ಕು ಕಚ್ಚಿದ್ದರೆ ಚಿಕಿತ್ಸೆ ಬೇಕೇ ಬೇಕು. ಬೆಕ್ಕಿನ ಹಲ್ಲಿನ ಗಾಯ ಹೊರಗೆ ಚಿಕ್ಕದಾಗಿ ಕಂಡರೂ ಒಳಗೆ ಬೇಗ ನಂಜಾಗುತ್ತದೆ.

• ಹಕ್ಕಿಯ ಮೇಲೆ ಹತ್ತಿ ಬಟ್ಟೆ ಹೊದಿಸಿ ಎತ್ತಿ. ಹದ್ದು, ಗೂಬೆಗಳ ಉಗುರಿನ ಬಗ್ಗೆ, ಕೊಕ್ಕರೆಯ ಕೊಕ್ಕಿನಿಂದ ನಿಮ್ಮ ಕಣ್ಣಿನ ಬಗ್ಗೆ ಎಚ್ಚರ.
• ಗಾಳಿಯಾಡಲು ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಿ, ಸದ್ದಿಲ್ಲದ ಕಡೆ ಇಡಿ. ಕತ್ತಲಲ್ಲಿ ಅದರ ಗಾಬರಿ ಕಡಿಮೆಯಾಗುತ್ತದೆ. ಮಕ್ಕಳು ಮತ್ತೆ ಮತ್ತೆ ತೆರೆದು ನೋಡುವುದು, ಸೆಲ್ಫಿ ತೆಗೆಯುವುದು ಬೇಡ.
• ಬಾಯಿಗೆ ನೀರು ಬಿಡಬೇಡಿ. ಹಕ್ಕಿಯ ಶ್ವಾಸನಾಳ ನಾಲಿಗೆಯ ಬುಡದಲ್ಲೇ ತೆರೆದುಕೊಳ್ಳುತ್ತದೆ. ನೀರು ಅಲ್ಲಿಗೆ ನುಗ್ಗಿದರೆ ಹಕ್ಕಿ ಸಾಯಬಹುದು.
• ಹಾಲು ಬೇಡ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಹಕ್ಕಿಗಳಿಗಿಲ್ಲ. ಅನ್ನ, ಬ್ರೆಡ್ ಕೂಡ ಬೇಡ. ಪಿಕಳಾರದ ಮರಿಗೆ ಹುಳು, ಗೂಬೆ ಮರಿಗೆ ಮಾಂಸ, ಪಾರಿವಾಳದ ಮರಿಗೆ ತಂದೆ ತಾಯಿಯ ಗಂಟಲ ಚೀಲದಲ್ಲಿ ಊರುವ "ಹಾಲು". ಒಂದರ ಆಹಾರ ಇನ್ನೊಂದಕ್ಕೆ ಆಗದು.
• ಗಾಳಿಪಟದ ಮಾಂಜಾ ಅಥವಾ ಮೀನಿನ ಬಲೆ ಸುತ್ತಿಕೊಂಡಿದ್ದರೆ ಎಳೆಯಬೇಡಿ, ಕತ್ತರಿಸಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ.
• ಒಂದೇ ಕಡೆ ಹಲವು ಹಕ್ಕಿಗಳು ಸತ್ತಿದ್ದರೆ ಮುಟ್ಟಬೇಡಿ. ವಿಷ ಅಥವಾ ಹಕ್ಕಿಜ್ವರ ಇರಬಹುದು. ಪಶು ಆಸ್ಪತ್ರೆಗೆ ತಿಳಿಸಿ. ಯಾವ ಹಕ್ಕಿ ಮುಟ್ಟಿದರೂ ಸೋಪು ಹಾಕಿ ಕೈ ತೊಳೆಯಿರಿ.

ಯಾರಿಗೆ ತಿಳಿಸಬೇಕು?

ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ ಕೇಳಬಹುದು. ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯಂಥ, ಕಾಡು ಹಕ್ಕಿಗಳನ್ನೂ ನೋಡಿಕೊಳ್ಳುವ ವಿಶೇಷ ಕೇಂದ್ರಗಳಿರುವುದು ದೂರದ ಬೆಂಗಳೂರಿನಲ್ಲಿ. ಹಾಗಾಗಿ ಮೊದಲ ಕೆಲವು ಗಂಟೆ ನೀವು ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಎಂಬುದರ ಮೇಲೆಯೇ ಹಕ್ಕಿಯ ಜೀವ ನಿಂತಿರುತ್ತದೆ.

ಗುಣವಾದ ಮೇಲೆ ಸಾಕಿಕೊಳ್ಳಬಹುದೇ?

ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಹೀಗೆ ಕೈಗೆ ಸಿಕ್ಕ ವನ್ಯಪ್ರಾಣಿಯ ಬಗ್ಗೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ತಿಳಿಸಬೇಕು. ನಮ್ಮೂರಿನ ಗಿಳಿಯನ್ನು ಪಂಜರದಲ್ಲಿಡುವುದೂ ಅಪರಾಧ.

ಕಾನೂನಿನಾಚೆಗೂ ಕಾರಣವಿದೆ. ಎಳೆಯದರಲ್ಲೇ ಮನುಷ್ಯರ ಕೈಯಲ್ಲಿ ಬೆಳೆದ ಮರಿ ಮನುಷ್ಯರನ್ನೇ ತನ್ನವರೆಂದುಕೊಳ್ಳುತ್ತದೆ. ಆಹಾರ ಹುಡುಕಲು, ಶತ್ರುವಿಗೆ ಹೆದರಲು ಕಲಿಯುವುದಿಲ್ಲ. ಅದಕ್ಕೇ ಪುನರ್ವಸತಿ ಕೇಂದ್ರಗಳಲ್ಲಿ ಮರಿಗಳನ್ನು ಆದಷ್ಟು ತನ್ನದೇ ಜಾತಿಯ ಮರಿಗಳ ಜೊತೆ ಬೆಳೆಸಿ, ದೊಡ್ಡ ಪಂಜರದಲ್ಲಿ ಹಾರಾಟ ಪರೀಕ್ಷಿಸಿ, ಆಮೇಲೆ ಬಿಡುತ್ತಾರೆ.

ನೆನಪಿಡಿ: ಮರಿಯನ್ನು ಮುಟ್ಟಿದರೆ ತಾಯಿ ಬಿಟ್ಟುಹೋಗುವುದಿಲ್ಲ. ಪುಕ್ಕವಿಲ್ಲದ್ದು ಗೂಡಿಗೆ, ಪುಕ್ಕ ಬಂದದ್ದು ಪೊದೆಗೆ, ಗಾಯಗೊಂಡದ್ದು ಡಬ್ಬಿಗೆ, ಕರೆ 1926ಕ್ಕೆ. ಹಳೆಯ ಸಂದೇಶ ಮತ್ತೆ ಬಂದರೆ ಇದನ್ನು ಉತ್ತರವಾಗಿ ಕಳಿಸಿ.