ಗುಬ್ಬಿ ರಂಗದ ಬೇಡ ಮತ್ತು ಅರ್ಚಕ

1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಹುಟ್ಟಿ, ಊರದೇವರ ಹೆಸರಿನಲ್ಲಿಯೇ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವೆನಿಸಿಕೊಂಡ ಮಂಡಳಿಯು, ಗುಬ್ಬಿ ವೀರಣ್ಣನವರ (1891–1972) ಕಾಲದಲ್ಲಿ ಊರೂರಿಗೆ ಕ್ಯಾಂಪು ಹಾಕುವ, ಅಂದರೆ ಬೀಡುಬಿಟ್ಟು ಟಿಕೆಟ್ಟಿನ ಮೇಲೆ ಆಟವಾಡುವ, ದೊಡ್ಡ ಕಂಪನಿಯಾಗಿ ಬೆಳೆಯಿತು. ಆನೆ ಕುದುರೆಗಳನ್ನೇ ರಂಗಕ್ಕೆ ತಂದ ‘ಕುರುಕ್ಷೇತ್ರ’ದ ವೈಭವ ಎಲ್ಲರ ನೆನಪಿನಲ್ಲಿದೆ, ಆದರೆ ಹುಟ್ಟು ಮತ್ತು ಅಧಿಕಾರದ ಜಗಳವನ್ನು ಈ ಕಂಪನಿ ಹೇಗೆ ಆಡಿ ತೋರಿಸಿತೆಂಬುದನ್ನು ಗಮನಿಸಿದವರು ಕಡಿಮೆ.

ಅದಕ್ಕೆ ‘ಬೇಡರ ಕಣ್ಣಪ್ಪ’ ಒಳ್ಳೆಯ ಸಾಕ್ಷಿ. ಜಿ.ವಿ. ಅಯ್ಯರ್ ಕಂಪನಿಗಾಗಿ ಬರೆದ ಈ ನಾಟಕ 1954ರಲ್ಲಿ ಎಚ್.ಎಲ್.ಎನ್. ಸಿಂಹರ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ನಾಯಕ ರಾಜ್‌ಕುಮಾರರೂ ಅವರ ತಂದೆಯೂ ಗುಬ್ಬಿ ಕಂಪನಿಯ ನಟರೇ. ಇದೇ ಕಥೆಯನ್ನು ಹೇಳುವ ತಮಿಳಿನ ಪೆರಿಯಪುರಾಣದಲ್ಲಿ ಬೇಡನು ತಾನು ರುಚಿ ನೋಡಿದ ಮಾಂಸವನ್ನು ನೈವೇದ್ಯ ಮಾಡುತ್ತಾನೆ, ಬಾಯಲ್ಲಿ ತಂದ ನೀರಿನಿಂದ ಅಭಿಷೇಕ ಮಾಡುತ್ತಾನೆ. ಅಲ್ಲಿನ ಅರ್ಚಕ ಶಿವಗೋಚಾರಿಯಾರ್ ಮಡಿ ಕೆಟ್ಟಿತೆಂದು ಕೊರಗುವ ನಿಷ್ಠಾವಂತನೇ ಹೊರತು ಕೇಡಿಗನಲ್ಲ. ಚಿತ್ರದಲ್ಲಾದರೋ ಅರ್ಚಕನೇ ಬೇಡನ ಮೇಲೆ ದೇವರ ಒಡವೆ ಕದ್ದ ಸುಳ್ಳು ಆಪಾದನೆ ಹೊರಿಸುವುದರಿಂದ, ಮಡಿ-ಮೈಲಿಗೆಯ ವಾದವು ಗುಡಿಯ ಯಜಮಾನಿಕೆ ಯಾರದೆಂಬ ವಾದವಾಗಿ ತಿರುಗುತ್ತದೆ. ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಾರ್ಹಗೊಳಿಸಿದ ಕೇಂದ್ರ ಕಾಯ್ದೆ ಬಂದದ್ದು ಮರುವರ್ಷ, 1955ರಲ್ಲಿ.

ಆದರೂ ಕಥೆ ತನ್ನ ಸಿಟ್ಟನ್ನು ಕೊನೆಯವರೆಗೆ ಉಳಿಸಿಕೊಳ್ಳುವುದಿಲ್ಲ. ಬೇಡ ದಂಪತಿಗಳು ಮೂಲತಃ ಶಾಪಗ್ರಸ್ತ ದೇವಲೋಕದವರು ಎಂಬ ಚೌಕಟ್ಟು, ಅವಮಾನಿತನು ನಿಜವಾಗಿ ಬೇಡನೇ ಅಲ್ಲವೆಂದು ಪ್ರೇಕ್ಷಕರಿಗೆ ಸಮಾಧಾನ ಹೇಳಿಬಿಡುತ್ತದೆ; ದೇವರಿಗೆ ತನ್ನ ಕಣ್ಣು ಕಿತ್ತಿಡುವ ಮುನ್ನ ಜಾಗದ ಗುರುತಿಗೆಂದು ಲಿಂಗದ ಮೇಲೆ ಕಾಲೂರುವ ಆ ಪುರಾಣಭಕ್ತನ ದಿಟ್ಟತನಕ್ಕೆ ಇಂಥ ಆಸರೆ ಬೇಕಿರಲಿಲ್ಲ.

ಹುಟ್ಟು ಮತ್ತು ಅಧಿಕಾರದ ಇದೇ ಜಗಳವನ್ನು ಬೇರೊಂದು ನೆಲದಲ್ಲಿ ಕಂಡ ಕೃತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಚಿತ್ರದ ಹಿಂದಿನ ವರ್ಷ, 1953ರಲ್ಲಿ, ಇನ್ನೂ ಬ್ರಿಟಿಷರ ಅಧೀನದಲ್ಲಿದ್ದ ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನ ಜಾರ್ಜ್ ಲ್ಯಾಮಿಂಗ್ ಪ್ರಕಟಿಸಿದ ‘ಇನ್ ದಿ ಕ್ಯಾಸಲ್ ಆಫ್ ಮೈ ಸ್ಕಿನ್’ ಕಾದಂಬರಿಯಲ್ಲಿ ಇಂಥ ಸಮಾಧಾನ ಸಿಗುವುದಿಲ್ಲ. ಗುಡ್ಡದ ಮೇಲಿನ ಬಿಳಿಯ ಜಮೀನುದಾರನ ಕೈಯಿಂದ ನೆಲ ಜಾರಿದಾಗ, ಅದನ್ನು ಕೊಂಡು ಕಪ್ಪು ಒಕ್ಕಲುಗಳನ್ನು ಎಬ್ಬಿಸುವ ವ್ಯವಹಾರದ ಹಿಂದಿರುವವನು ಅದೇ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದು ಜನನಾಯಕನಾದ ಸ್ಲೈಮ್. ಗುಬ್ಬಿಯ ನಾಟಕ ಅರ್ಚಕನೊಬ್ಬನ ದುಷ್ಟತನಕ್ಕೆ ಕಟ್ಟಿಹಾಕಿದ ಅಧಿಕಾರವನ್ನು ಲ್ಯಾಮಿಂಗ್ ಜಮೀನಿನ ಪತ್ರಗಳಲ್ಲಿ ಹುಡುಕಿದರು.